ಪುಕ್ಕಲು ನಾಯಿಯ ದೆವ್ವದ ಬೇಟೆ

ಕಂದು ಬಣ್ಣದ, ಉದ್ದ ಕಾಲಿನ ಒಂದು ದೊಡ್ಡ ನಾಯಿ. ಅದಕ್ಕೆ ಕತ್ತಲೆ ಎಂದರೆ ಭಯ, ಬಾಗಿಲು ಕಿರುಗುಟ್ಟಿದರೆ ಭಯ, ತನ್ನ ನೆರಳು ಕಂಡರೂ ಭಯ. ಅದರ ಜೊತೆಗೆ ಅಷ್ಟೇ ಪುಕ್ಕಲನಾದ ಒಬ್ಬ ಬಡಕಲು ಹುಡುಗ. ಇಬ್ಬರಿಗೂ ಸದಾ ಹಸಿವು. ಇವರನ್ನು ಎಳೆದುಕೊಂಡು ಊರೂರು ತಿರುಗುವ ಇನ್ನೂ ಮೂವರು ಹರೆಯದವರು, ಮೈತುಂಬ ಹೂವಿನ ಚಿತ್ತಾರವಿರುವ ಒಂದು ವ್ಯಾನು. ವ್ಯಾನು ಎಲ್ಲಿ ಹೋಗಿ ನಿಂತರೂ ಅಲ್ಲೊಂದು ಪಾಳುಬಂಗಲೆ, ಬಂಗಲೆಯೊಳಗೊಂದು ದೆವ್ವ. ಆಮೇಲೆ ಓಡಾಟ, ಬೀಳಾಟ, ಕಿರುಚಾಟ. ಕೊನೆಗೆ ದೆವ್ವ ಬಲೆಗೆ ಬೀಳುತ್ತದೆ. ಯಾರೋ ಒಬ್ಬರು ಅದರ ಮುಖವಾಡ ಕಿತ್ತೆಸೆಯುತ್ತಾರೆ. ಒಳಗಿರುವವನು ಕಥೆಯ ಮೊದಲಲ್ಲೇ ನಾವು ನೋಡಿದ್ದ ಒಬ್ಬ ಸಾಮಾನ್ಯ ಮನುಷ್ಯ.

ಸ್ಕೂಬಿ-ಡೂ ಎಂಬ ಕಾರ್ಟೂನಿನ ಕಥೆ ಇಷ್ಟೇ. 1969ರ ಸೆಪ್ಟೆಂಬರ್ 13ರ ಶನಿವಾರ ಬೆಳಗ್ಗೆ ಅಮೆರಿಕದ ಸಿ.ಬಿ.ಎಸ್. ಟೆಲಿವಿಷನ್ನಿನಲ್ಲಿ ಇದರ ಮೊದಲ ಕಂತು ಬಂತು. ಮೊದಲ ಸುತ್ತಿನಲ್ಲಿ ಹದಿನೇಳು, ಎರಡನೆಯ ಸುತ್ತಿನಲ್ಲಿ ಎಂಟು, ಒಟ್ಟು 25 ಕಂತುಗಳು. ಅಲ್ಲಿಗೆ ಮೂಲ ಸರಣಿ ಮುಗಿಯಿತು. ಆದರೆ ನಾಯಿ ಮಾತ್ರ ನಿಲ್ಲಲಿಲ್ಲ. ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಚಾನೆಲ್ಲುಗಳಲ್ಲಿ, ಸಿನಿಮಾಗಳಲ್ಲಿ ಅರ್ಧ ಶತಮಾನ ದಾಟಿ ಓಡುತ್ತಲೇ ಇದೆ. ಮೊದಲ ಕಂತನ್ನು ನೋಡಿದ ಮಕ್ಕಳು ಇವತ್ತು ಅಜ್ಜ ಅಜ್ಜಿಯರಾಗಿ ಮೊಮ್ಮಕ್ಕಳ ಪಕ್ಕ ಕೂತು ಅದನ್ನೇ ನೋಡುತ್ತಿದ್ದಾರೆ.

ಇದು ಪೆದ್ದು ಕಾರ್ಟೂನು ಎಂದು ಹೇಳುವವರಿದ್ದಾರೆ. ಅವರ ಮಾತನ್ನು ನಾನು ಒಪ್ಪುತ್ತೇನೆ. ಪಾತ್ರಗಳು ಓಡುವಾಗ ಹಿಂದಿನ ಗೋಡೆ, ದೀಪ, ಕಿಟಕಿ ಮತ್ತೆ ಮತ್ತೆ ಅವೇ ಬರುತ್ತವೆ. ಉದ್ದದ ಓಣಿಯಲ್ಲಿ ಎಡಗಡೆ ಬಾಗಿಲಿನಿಂದ ಒಳಹೋದವರು ಬಲಗಡೆ ಬಾಗಿಲಿನಿಂದ ಹೊರಬರುತ್ತಾರೆ. ಅಟ್ಟಿಸಿಕೊಂಡು ಬರುತ್ತಿದ್ದ ದೆವ್ವವೇ ಓಡುವವರ ಮುಂದೆ ಓಡುತ್ತಿರುತ್ತದೆ. ನೋಡುವವರೇ ಇಲ್ಲದ ಕಡೆ ನಗುವಿನ ಧ್ವನಿಮುದ್ರಣ ಕೇಳಿಸುತ್ತದೆ. ವೆಲ್ಮಾ ಎಂಬ ಹುಡುಗಿಯ ಕನ್ನಡಕ ಸರಿಯಾಗಿ ಬೇಕಾದ ಹೊತ್ತಿಗೇ ಬಿದ್ದುಹೋಗುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಮಕ್ಕಳು ಕಣ್ಣು ಕೀಳದೆ ನೋಡುತ್ತಾರೆ, ದೊಡ್ಡವರೂ ಪಕ್ಕದಲ್ಲಿ ಬಂದು ಕೂರುತ್ತಾರೆ. ಇದು ಬರಿಯ ಅಭ್ಯಾಸ ಬಲ, ಹಳೆಯದರ ಮೇಲಿನ ಮೋಹ ಎಂದು ನನಗೆ ಅನ್ನಿಸುವುದಿಲ್ಲ. ಈ ಪೆದ್ದುತನದ ಅಡಿಯಲ್ಲಿ ಗಟ್ಟಿಯಾದ ಒಂದು ಮಾತು ಕೊಟ್ಟಂತಿದೆ. ಅದೇನೆಂದು ಹೇಳಲು ಇದು ಹುಟ್ಟಿದ ವರ್ಷಕ್ಕೆ ಹೋಗಬೇಕು.

1968 ಅಮೆರಿಕದ ಪಾಲಿಗೆ ರಕ್ತದ ವರ್ಷ. ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಂದರು, ಜೂನ್‌ನಲ್ಲಿ ರಾಬರ್ಟ್ ಕೆನಡಿಯವರನ್ನು ಕೊಂದರು. ವಿಯೆಟ್ನಾಂ ಯುದ್ಧ ದಿನವೂ ಸಂಜೆಯ ವಾರ್ತೆಯಲ್ಲಿ ಮನೆಯೊಳಗೆ ಬರುತ್ತಿತ್ತು. ಶನಿವಾರ ಬೆಳಗ್ಗೆ ಮಕ್ಕಳು ಟೀವಿ ಹಾಕಿದರೆ ಅಲ್ಲೂ ಗುದ್ದಾಟ. ಆಗಿನ ಕಾರ್ಟೂನುಗಳಲ್ಲಿ ಹೆಚ್ಚಿನವು ಮಹಾಬಲರ ಕಥೆಗಳು, ಕಿರಣ ಬಿಟ್ಟು ಸುಡುವವರು, ಮುಷ್ಟಿಯಿಂದ ಪುಡಿಮಾಡುವವರು. ತಾಯಂದಿರಿಗೆ ರೋಸಿಹೋಯಿತು. ಅದೇ 1968ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಪೆಗ್ಗಿ ಚ್ಯಾರನ್ ಎಂಬ ತಾಯಿ ಮತ್ತು ಆಕೆಯ ಗೆಳತಿಯರು ಸೇರಿ ಮಕ್ಕಳ ಟೆಲಿವಿಷನ್ ಸುಧಾರಿಸಬೇಕೆಂದು ಒಂದು ಸಂಘಟನೆ ಕಟ್ಟಿದರು. ಇಂಥ ಪೋಷಕರ ಒತ್ತಡಕ್ಕೆ ಚಾನೆಲ್ಲುಗಳು ಮಣಿದವು. ಮಹಾಬಲರ ಕಾರ್ಟೂನುಗಳು ಒಂದೊಂದಾಗಿ ನಿಂತವು.

ಆ ಜಾಗ ತುಂಬಬೇಕಾದವರು ಸಿ.ಬಿ.ಎಸ್.ನಲ್ಲಿ ಹಗಲಿನ ಕಾರ್ಯಕ್ರಮಗಳ ಹೊಣೆ ಹೊತ್ತಿದ್ದ ಫ್ರೆಡ್ ಸಿಲ್ವರ್‌ಮನ್. ಹೊಡೆದಾಟವಿಲ್ಲದೆಯೂ ಮಕ್ಕಳನ್ನು ಕುರ್ಚಿಯ ತುದಿಗೆ ತಂದು ಕೂರಿಸುವಂಥದ್ದು ಏನಿದೆ? ಅವರ ನೆನಪಿಗೆ ಬಂದದ್ದು ರೇಡಿಯೋ. 1939ರಲ್ಲಿ ಶುರುವಾದ ‘ಐ ಲವ್ ಎ ಮಿಸ್ಟರಿ’ ಎಂಬ ರೇಡಿಯೋ ಧಾರಾವಾಹಿ. ಕಾರ್ಲ್‌ಟನ್ ಮೋರ್ಸ್ ಬರೆದ ಆ ಸರಣಿಯಲ್ಲಿ ಮೂವರು ಗೆಳೆಯರು ಭಯಾನಕ ರಹಸ್ಯಗಳ ಬೆನ್ನು ಹತ್ತುತ್ತಾರೆ. ಅಂಥದ್ದನ್ನೇ ಹಾಸ್ಯ ಬೆರೆಸಿ ಚಿತ್ರದಲ್ಲಿ ಮಾಡಿದರೆ ಹೇಗೆ ಎಂದು ಅವರು ಯೋಚಿಸಿದರು. ಹಾನಾ-ಬಾರ್ಬೆರಾ ಸ್ಟುಡಿಯೋದ ಬರಹಗಾರರಾದ ಜೋ ರೂಬಿ ಮತ್ತು ಕೆನ್ ಸ್ಪಿಯರ್ಸ್ ಕಥೆ ಕಟ್ಟಲು ಕೂತರು. ಮೊದಲು ಮಾಡಿಕೊಟ್ಟದ್ದು ತೀರಾ ಹೆದರಿಸುವಂತಿದೆ ಎಂದು ಚಾನೆಲ್ಲಿನ ಮೇಲಧಿಕಾರಿಗಳು ತಿರಸ್ಕರಿಸಿದರು. ಆಗ ನಾಯಿಯನ್ನು ಮುಂದಕ್ಕೆ ತಂದರು, ನಗುವನ್ನು ಹೆಚ್ಚು ಮಾಡಿದರು. ಆವರೆಗೆ ನಾಯಿಯ ಹೆಸರು ‘ಟೂ ಮಚ್’ ಎಂದಿತ್ತು. ಸಿಲ್ವರ್‌ಮನ್ ಅವರೇ ಹೇಳಿಕೊಂಡಂತೆ, ವಿಮಾನದಲ್ಲಿ ಹೋಗುತ್ತಿದ್ದಾಗ ಫ್ರ್ಯಾಂಕ್ ಸಿನಾಟ್ರಾ ಹಾಡೊಂದರ ಕೊನೆಯಲ್ಲಿ ಬರುವ ಅರ್ಥವಿಲ್ಲದ ಆಲಾಪ ಕಿವಿಗೆ ಬಿತ್ತು, ಅದರಿಂದಲೇ ಸ್ಕೂಬಿ-ಡೂ ಎಂಬ ಹೆಸರು ಹುಟ್ಟಿತು.

ಹಾಗಾಗಿ ಈ ಕಾರ್ಟೂನಿನ ಬೇರು ರೇಡಿಯೋದಲ್ಲಿದೆ. ಬೇರು ಮಾತ್ರವೇನು, ಕಾಂಡವೂ ರೇಡಿಯೋದ್ದೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವಿಲಿಯಂ ಹಾನಾ ಮತ್ತು ಜೋಸೆಫ್ ಬಾರ್ಬೆರಾ ಎಂದರೆ ಟಾಮ್ ಆ್ಯಂಡ್ ಜೆರ್ರಿಯನ್ನು ಸೃಷ್ಟಿಸಿದ ಜೋಡಿ. ಎಂ.ಜಿ.ಎಂ. ಕಂಪನಿಯಲ್ಲಿದ್ದಾಗ ಚಿತ್ರಮಂದಿರಗಳಿಗಾಗಿ ಆ ಬೆಕ್ಕು ಇಲಿಯ ಕಿರುಚಿತ್ರಗಳನ್ನು ತೆಗೆಯುತ್ತಿದ್ದರು. ಏಳು ಆಸ್ಕರ್ ಪ್ರಶಸ್ತಿಗಳು ಬಂದವು. ಅಲ್ಲಿ ಮಾತು ಕಡಿಮೆ, ಚಲನೆಯೇ ಎಲ್ಲ. ಬೆಕ್ಕಿನ ಮೀಸೆ ಅಲುಗಿದರೂ ಹೊಸ ಚಿತ್ರ ಬರೆಯಬೇಕು. ಫಿಲ್ಮ್ ಓಡುವುದು ಸೆಕೆಂಡಿಗೆ 24 ಚೌಕಟ್ಟುಗಳ ವೇಗದಲ್ಲಿ. ಒಂದು ನಿಮಿಷದ ಓಟಕ್ಕೆ ಎಷ್ಟು ಕೈಗಳು ಎಷ್ಟು ದಿನ ಕೂತು ಬರೆಯಬೇಕು ಎಂಬುದನ್ನು ನೀವೇ ಲೆಕ್ಕ ಹಾಕಿ. 1957ರಲ್ಲಿ ಎಂ.ಜಿ.ಎಂ. ತನ್ನ ಕಾರ್ಟೂನು ವಿಭಾಗವನ್ನು ಮುಚ್ಚಿತು. ಕೆಲಸ ಹೋದ ಇಬ್ಬರೂ ಸೇರಿ ಸ್ವಂತ ಸ್ಟುಡಿಯೋ ಶುರುಮಾಡಿ ಟೆಲಿವಿಷನ್ನಿಗೆ ಬಂದರು. ಟೆಲಿವಿಷನ್ ಕೊಡುತ್ತಿದ್ದ ಹಣ ಸಿನಿಮಾದವರು ಕೊಡುತ್ತಿದ್ದುದರ ಒಂದು ಚಿಕ್ಕ ಪಾಲು, ಕೊಡುತ್ತಿದ್ದ ಸಮಯವೂ ಹಾಗೆಯೇ.

ಆಗ ಅವರು ಚಿತ್ರಗಳನ್ನು ಉಳಿಸುವ ಉಪಾಯಗಳನ್ನು ಹುಡುಕಿಕೊಂಡರು. ಮೈ ಅಲುಗಾಡಬಾರದು, ತಲೆ ಮಾತ್ರ ಅಲುಗಾಡಬೇಕು. ಇಲ್ಲವೇ ಬಾಯಿ ಮಾತ್ರ. ಅವರ ಯೋಗಿ ಕರಡಿಯ ಕುತ್ತಿಗೆಗೆ ಕಾಲರು ಮತ್ತು ಟೈ ಇರುವುದನ್ನು ನೀವು ನೋಡಿರಬಹುದು. ಕಾಡಿನ ಕರಡಿಗೆ ಕಾಲರು ಯಾಕೆ? ತಲೆ ಒಂದು ಪಾರದರ್ಶಕ ಹಾಳೆಯಲ್ಲಿ, ಮೈ ಇನ್ನೊಂದು ಹಾಳೆಯಲ್ಲಿ. ಎರಡೂ ಕೂಡುವ ಗೆರೆ ಕಾಣದಂತೆ ಕಾಲರು ಮುಚ್ಚುತ್ತದೆ. ಮೈಯ ಹಾಳೆ ಹಾಗೇ ಇಟ್ಟು ತಲೆಯ ಹಾಳೆಗಳನ್ನಷ್ಟೇ ಬದಲಾಯಿಸುತ್ತ ಹೋಗಬಹುದು. ಸ್ಕೂಬಿಯ ಕೊರಳಿನಲ್ಲೂ ನೀಲಿ ಪಟ್ಟಿ ಇದೆ. ಓಡುವ ಕಾಲುಗಳ ಕೆಲವೇ ಚಿತ್ರಗಳು ಮತ್ತೆ ಮತ್ತೆ ತಿರುಗುತ್ತವೆ. ಹಿಂದಿನ ಗೋಡೆಯ ಉದ್ದನೆಯ ಚಿತ್ರ ಸರಿಯುತ್ತ ಹೋಗಿ ಮುಗಿದಾಗ ಮತ್ತೆ ಮೊದಲಿನಿಂದ ಬರುತ್ತದೆ. ಆ ದೀಪ, ಆ ಕಿಟಕಿ ಮರಳಿ ಮರಳಿ ಬರುವುದು ಇದೇ ಕಾರಣಕ್ಕೆ.

ಚಲನೆ ಕಡಿಮೆಯಾದಾಗ ಕಥೆಯನ್ನು ಹೊರುವವರು ಯಾರು? ಧ್ವನಿ. ಬಗ್ಸ್ ಬನ್ನಿಯ ಚಿತ್ರಗಳನ್ನು ನಿರ್ದೇಶಿಸಿದ ಚಕ್ ಜೋನ್ಸ್ ಇಂಥ ಟೆಲಿವಿಷನ್ ಕಾರ್ಟೂನುಗಳನ್ನು ಚಿತ್ರ ಅಂಟಿಸಿದ ರೇಡಿಯೋ ಎಂದು ಹಳಿದಿದ್ದರು. ಕಣ್ಣು ಮುಚ್ಚಿಕೊಂಡರೂ ಕಥೆ ತಿಳಿಯುತ್ತದೆ ಎಂಬುದು ಅವರ ದೂರು. ಅವರು ದೊಡ್ಡ ಕಲಾವಿದರು, ಅವರ ದೂರಿನಲ್ಲಿ ಸತ್ಯವಿದೆ. ಆದರೆ ಸ್ಕೂಬಿ-ಡೂ ಮಟ್ಟಿಗೆ ಅದೇ ಅದರ ಬಲವಾಯಿತು ಎಂದು ನಾನು ನಂಬುತ್ತೇನೆ. ದೆವ್ವದ ಕಥೆ ಮೂಲದಲ್ಲಿ ಕಿವಿಯ ಕಥೆ. ಕತ್ತಲಲ್ಲಿ ನಮ್ಮನ್ನು ಹೆದರಿಸುವುದು ಕಂಡದ್ದಕ್ಕಿಂತ ಹೆಚ್ಚಾಗಿ ಕೇಳಿಸಿದ್ದು. ಹಲಗೆಯ ನೆಲದ ಮೇಲೆ ಹೆಜ್ಜೆ, ದೂರದಲ್ಲಿ ಸರಪಳಿ ಎಳೆದ ಸದ್ದು, ಗೂಬೆಯ ಕೂಗು. ಇವೆಲ್ಲ ರೇಡಿಯೋ ನಾಟಕದ ಹಳೆಯ ಬಂಡವಾಳ.

ನಾಯಿಗೆ ಧ್ವನಿ ಕೊಟ್ಟವರು ಡಾನ್ ಮೆಸಿಕ್. ನಾಯಿಯ ಗಂಟಲಿನಿಂದ ಮಾತು ಬಂದರೆ ಹೇಗಿರಬಹುದೋ ಹಾಗೆ, ಪ್ರತಿ ಮಾತಿನ ಮೊದಲಿಗೂ ಒಂದು ‘ರ್’ಕಾರ ಸೇರಿಸಿ ಅವರು ಆಡಿದ ಮಾತು ಜಗತ್ತಿನ ಮಕ್ಕಳಿಗೆಲ್ಲ ಗೊತ್ತು. ಬಡಕಲು ಹುಡುಗ ಶ್ಯಾಗಿಗೆ ಧ್ವನಿ ಕೊಟ್ಟವರು ಕೇಸಿ ಕೇಸಮ್. ಅವರು ಅಪ್ಪಟ ರೇಡಿಯೋ ಮನುಷ್ಯ. 1970ರಲ್ಲಿ ಅವರು ಶುರುಮಾಡಿದ ‘ಅಮೆರಿಕನ್ ಟಾಪ್ ಫಾರ್ಟಿ’ ಎಂಬ ಹಾಡುಗಳ ಕಾರ್ಯಕ್ರಮವನ್ನು ದೇಶಕ್ಕೆ ದೇಶವೇ ಕೇಳುತ್ತಿತ್ತು. ವಾರವಾರವೂ ಗಂಭೀರವಾದ, ಬೆಚ್ಚಗಿನ ಕಂಠದಲ್ಲಿ ಹಾಡು ಪರಿಚಯಿಸುವ ಮನುಷ್ಯ, ಶ್ಯಾಗಿಯಾಗಿ ಮೈಕಿನ ಮುಂದೆ ನಿಂತರೆ ಸಾಕು, ಹರೆಯದ ಹುಡುಗನ ಒಡೆದ ಕಂಠದಲ್ಲಿ ನಡುಗುತ್ತಿದ್ದರು.

ಕೇಸಮ್ ಬಗ್ಗೆ ಇನ್ನೊಂದು ಸಂಗತಿ ಹೇಳಲೇಬೇಕು. ಅವರು ಮಾಂಸ ಬಿಟ್ಟವರು, ಅದನ್ನು ವ್ರತದಂತೆ ಪಾಲಿಸಿದವರು. 1995ರಲ್ಲಿ ಒಂದು ಹ್ಯಾಂಬರ್ಗರ್ ಕಂಪನಿಯ ಜಾಹೀರಾತಿಗೆ ಶ್ಯಾಗಿಯ ಧ್ವನಿ ಕೊಡಿ ಎಂದಾಗ ಒಪ್ಪದೆ ಪಾತ್ರವನ್ನೇ ಬಿಟ್ಟು ಹೊರನಡೆದರು. ಇಪ್ಪತ್ತೈದು ವರ್ಷ ಆಡಿದ ಪಾತ್ರ ಅದು. 2002ರಲ್ಲಿ ಮರಳಿ ಬಂದರು, ಶ್ಯಾಗಿಯೂ ಸಸ್ಯಾಹಾರಿಯಾಗಿರಬೇಕು ಎಂಬ ಷರತ್ತಿನ ಮೇಲೆ. ಸ್ಟುಡಿಯೋ ಒಪ್ಪಿತು. ಒಂದು ಹುಡುಗಾಟದ ಕಾರ್ಟೂನಿನ ಹಿಂದೆ ಇಷ್ಟು ಗಟ್ಟಿ ಮನಸ್ಸಿನವರು ಇದ್ದರು ಎಂಬುದು ನನಗೆ ಆ ಕಾರ್ಟೂನಿನ ಮೇಲಿನ ಗೌರವವನ್ನು ಹೆಚ್ಚಿಸುತ್ತದೆ.

ಹಾಗೆಯೇ ನಾಯಿಯನ್ನು ಬರೆದವರ ಕಥೆ. ಇವಾವೊ ತಕಮೊಟೊ. 1925ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಜಪಾನಿನಿಂದ ವಲಸೆ ಬಂದ ಕುಟುಂಬದಲ್ಲಿ ಹುಟ್ಟಿದವರು. 1941ರ ಕೊನೆಯಲ್ಲಿ ಪರ್ಲ್ ಹಾರ್ಬರ್ ಮೇಲೆ ಜಪಾನು ದಾಳಿ ಮಾಡಿದ ಮೇಲೆ, ಅಮೆರಿಕದಲ್ಲಿದ್ದ ಜಪಾನಿ ಮೂಲದವರೆಲ್ಲರ ಮೇಲೂ ಸರ್ಕಾರಕ್ಕೆ ಶಂಕೆ ಹುಟ್ಟಿತು. ಅಲ್ಲೇ ಹುಟ್ಟಿ ಬೆಳೆದ ಪ್ರಜೆಗಳನ್ನೂ ಸೇರಿಸಿ ಕುಟುಂಬ ಕುಟುಂಬಗಳನ್ನೇ ಮುಳ್ಳುತಂತಿಯ ಶಿಬಿರಗಳಿಗೆ ತಳ್ಳಿದರು. ತಕಮೊಟೊ ಕುಟುಂಬ ಹೋದದ್ದು ಕ್ಯಾಲಿಫೋರ್ನಿಯಾದ ಮಂಜನಾರ್ ಶಿಬಿರಕ್ಕೆ. ಹರೆಯದ ಹುಡುಗ ಅಲ್ಲಿ ಜೊತೆಯಲ್ಲಿದ್ದ ಕಲಾವಿದರಿಂದ ಚಿತ್ರ ಬರೆಯುವುದನ್ನು ಕಲಿತ. ಯುದ್ಧ ಮುಗಿಯುವ ವರ್ಷ ಡಿಸ್ನಿ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತು. ಸಿಂಡರೆಲಾ, ಲೇಡಿ ಆ್ಯಂಡ್ ದ ಟ್ರ್ಯಾಂಪ್‌ನಂಥ ಚಿತ್ರಗಳಲ್ಲಿ ಕೈ ಪಳಗಿತು. 1961ರಲ್ಲಿ ಹಾನಾ-ಬಾರ್ಬೆರಾಗೆ ಬಂದರು.

ಸ್ಕೂಬಿ ಗ್ರೇಟ್ ಡೇನ್ ಜಾತಿಯ ನಾಯಿ. ಅದೇ ಸ್ಟುಡಿಯೋದಲ್ಲಿ ಗ್ರೇಟ್ ಡೇನ್ ಸಾಕುತ್ತಿದ್ದ ಒಬ್ಬ ಮಹಿಳೆ ಇದ್ದರು. ಪ್ರದರ್ಶನದಲ್ಲಿ ಬಹುಮಾನ ಗೆಲ್ಲುವ ನಾಯಿ ಹೇಗಿರಬೇಕು ಎಂದು ತಕಮೊಟೊ ಆಕೆಯನ್ನು ಕೇಳಿದರು. ಬೆನ್ನು ನೆಟ್ಟಗಿರಬೇಕು, ಕಾಲು ನೇರವಾಗಿರಬೇಕು, ಗಲ್ಲ ಬಿಗಿಯಾಗಿರಬೇಕು ಎಂದು ಆಕೆ ಹೇಳುತ್ತಾ ಹೋದರು. ತಕಮೊಟೊ ಎಲ್ಲವನ್ನೂ ಕೇಳಿಸಿಕೊಂಡು ಪ್ರತಿಯೊಂದನ್ನೂ ತಿರುಗಿಸಿ ಬರೆದರು. ಇಳಿಜಾರು ಬೆನ್ನು, ಬಿಲ್ಲಿನಂತೆ ಬಾಗಿದ ಕಾಲು, ಜೋತುಬಿದ್ದ ಗಲ್ಲ. ಯಾವ ಪ್ರದರ್ಶನದಲ್ಲೂ ಬಹುಮಾನ ಸಿಗದ ಆ ನಾಯಿಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಈಗ ಆ ಗಟ್ಟಿ ಮಾತಿಗೆ ಬರುತ್ತೇನೆ. ಒಂದು ಕಂತನ್ನು ಹತ್ತಿರದಿಂದ ನೋಡೋಣ. ಮೊದಲ ವರ್ಷದ ನಾಲ್ಕನೆಯ ಕಂತು. ಗೋಲ್ಡ್ ಸಿಟಿ ಎಂಬ ಹಳೆಯ ಗಣಿಯೂರು. ಚಿನ್ನ ಮುಗಿದು ಊರು ಎಂದೋ ಪಾಳುಬಿದ್ದಿದೆ. ಬಿಗ್ ಬೆನ್ ಎಂಬಾತ ಅದನ್ನು ಪ್ರವಾಸಿಗರ ತಂಗುದಾಣ ಮಾಡಿಕೊಂಡಿದ್ದಾನೆ. ಆದರೆ ರಾತ್ರಿಯಾದರೆ 1849ರ ಚಿನ್ನದ ಹುಚ್ಚಿನ ಕಾಲದ ಒಬ್ಬ ಗಣಿಗಾರನ ಪ್ರೇತ ಗಡ್ಡ ಬಿಟ್ಟುಕೊಂಡು ಓಡಾಡುತ್ತದೆ. ಬಂದ ಅತಿಥಿಗಳೆಲ್ಲ ಓಡಿಹೋಗಿದ್ದಾರೆ, ವ್ಯಾಪಾರ ನೆಲಕಚ್ಚಿದೆ. ನಮ್ಮ ಐವರು ಗಣಿಯೊಳಗೆ ಇಳಿಯುತ್ತಾರೆ, ಎಂದಿನಂತೆ ಅಟ್ಟಾಡಿಸಿಕೊಳ್ಳುತ್ತಾರೆ, ಕೊನೆಗೆ ಪ್ರೇತವನ್ನು ಹಿಡಿಯುತ್ತಾರೆ. ಗಡ್ಡ ಕಿತ್ತರೆ ಒಳಗಿರುವವನು ಅಲ್ಲೇ ಕೆಲಸಕ್ಕಿದ್ದ ಹ್ಯಾಂಕ್. ಗಣಿಯೊಳಗೆ ಅವನಿಗೆ ಎಣ್ಣೆಯ ಸೆಲೆ ಸಿಕ್ಕಿದೆ. ಯಜಮಾನನಿಗೆ ಅದು ಗೊತ್ತಿಲ್ಲ. ದೆವ್ವದ ಭಯಕ್ಕೆ ಜಾಗದ ಬೆಲೆ ಬಿದ್ದರೆ ಕಾಸಿಗೆ ಕೊಂಡುಕೊಳ್ಳಬಹುದು ಎಂಬುದು ಅವನ ಹಂಚಿಕೆ.

ಇನ್ನೊಂದು ಕಂತಿನಲ್ಲಿ ಒಬ್ಬ ಶ್ರೀಮಂತ ಕರ್ನಲ್ ತೀರಿಕೊಂಡಿದ್ದಾನೆ. ಎಂದೋ ತನ್ನ ಜೀವ ಉಳಿಸಿದ ಸ್ಕೂಬಿಯನ್ನೂ ವಾರಸುದಾರರ ಪಟ್ಟಿಯಲ್ಲಿ ಸೇರಿಸಿದ್ದಾನೆ. ಷರತ್ತು ಏನೆಂದರೆ, ದೆವ್ವವಿದೆ ಎನ್ನುವ ಆ ಬಂಗಲೆಯಲ್ಲಿ ವಾರಸುದಾರರೆಲ್ಲ ಒಂದು ರಾತ್ರಿ ಕಳೆಯಬೇಕು. ರಾತ್ರಿ ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಹಸಿರು ನೆರಳಿನಂಥ ಎರಡು ಪ್ರೇತಗಳು ಅಲೆಯುತ್ತವೆ. ಹಿಡಿದು ನೋಡಿದರೆ ಅವರು ಉಯಿಲನ್ನು ತಿಳಿಸಿದ ವಕೀಲ ಮತ್ತು ಅವನ ಪಾಲುದಾರ! ಕೊನೆಗೆ ಆಸ್ತಿಯ ಪೆಟ್ಟಿಗೆ ತೆರೆದರೆ ಒಳಗಿರುವುದು ಅಮೆರಿಕದ ಅಂತರ್ಯುದ್ಧದಲ್ಲಿ ಸೋತ ದಕ್ಷಿಣ ರಾಜ್ಯಗಳ ಚಲಾವಣೆಯಿಲ್ಲದ ನೋಟುಗಳು.

ಬೇರೆ ಕಂತುಗಳಲ್ಲೂ ಇದೇ. ವಸ್ತುಸಂಗ್ರಹಾಲಯದಲ್ಲಿ ಕಪ್ಪು ಕವಚದ ಯೋಧ ನಡೆದಾಡಿದರೆ ಅದರ ಹಿಂದೆ ಚಿತ್ರಗಳನ್ನು ಕದ್ದು ನಕಲಿ ಇಡುವ ಅಲ್ಲಿನ ಮೇಲ್ವಿಚಾರಕನಿರುತ್ತಾನೆ. ಸಮುದ್ರದಿಂದ ಹೊಳೆಯುವ ಪಾಚಿ ಮೆತ್ತಿದ ಮುಳುಗುಗಾರನ ಪ್ರೇತ ಎದ್ದು ಬಂದರೆ ಅದರ ಹಿಂದೆ ದೋಣಿಗಳ ಕಳ್ಳತನವಿರುತ್ತದೆ. ಭೂಮಿ, ಆಸ್ತಿ, ಕಳ್ಳಸಾಗಣೆ, ಖೋಟಾನೋಟು. ಆರು ವರ್ಷದ ಮಗುವಿಗೆ ರಿಯಲ್ ಎಸ್ಟೇಟಿನ ವಂಚನೆಯನ್ನು ಇಷ್ಟು ಚೆನ್ನಾಗಿ ತಿಳಿಸಿಕೊಟ್ಟ ಕಾರ್ಯಕ್ರಮ ಬೇರೆ ಯಾವುದಿದೆಯೋ ನಾನು ಕಾಣೆ.

ಆ ಕಾರ್ಟೂನು ಮಕ್ಕಳಿಗೆ ಕೊಟ್ಟ ಮಾತು ಇದೇ: ನಿನ್ನನ್ನು ಎಷ್ಟು ಬೇಕಾದರೂ ಹೆದರಿಸುತ್ತೇವೆ, ಆದರೆ ಮಲಗುವ ಮೊದಲು ಮುಖವಾಡ ತೆಗೆದು ತೋರಿಸುತ್ತೇವೆ. ಮೂಲದ 25 ಕಂತುಗಳಲ್ಲಿ ಒಂದರಲ್ಲೂ ಈ ಮಾತಿಗೆ ತಪ್ಪಲಿಲ್ಲ. ಒಂದು ಕಂತಿನಲ್ಲಿ ಮುಖವಾಡದ ಕೆಳಗೆ ಮನುಷ್ಯನ ಬದಲು ಯಂತ್ರಮಾನವ ಸಿಕ್ಕಿದ್ದುಂಟು, ಅದನ್ನು ಆಡಿಸುತ್ತಿದ್ದದ್ದೂ ಮನುಷ್ಯರೇ. ಹೆದರಿಕೆಗೆ ಒಂದು ಕಾರಣವಿದೆ, ಆ ಕಾರಣಕ್ಕೊಂದು ವಿಳಾಸವಿದೆ, ಅಲ್ಲಿಗೆ ನಾಲ್ಕು ಹುಡುಗರು ಮತ್ತು ಒಂದು ನಾಯಿ ನಡೆದು ಹೋಗಬಹುದು. ಮಗು ಇದನ್ನು ಮಾತಿನಲ್ಲಿ ಹೇಳಲಾರದು. ಆದರೆ ಅದರ ಮೈಗೆ ತಿಳಿಯುತ್ತದೆ. ನನ್ನ ತಂಗಿಯ ಮಗ ಚಿಕ್ಕವನಿದ್ದಾಗ ಇದನ್ನು ದಿಂಬು ತಬ್ಬಿಕೊಂಡು ನೋಡುತ್ತಿದ್ದ. ಅಟ್ಟಾಡಿಸುವಾಗ ದಿಂಬು ಮುಖಕ್ಕೇರುತ್ತಿತ್ತು. ಮುಖವಾಡ ಕೀಳುವ ಹೊತ್ತಿಗೆ ದಿಂಬನ್ನು ಎಸೆದು ಟೀವಿಯ ಹತ್ತಿರ ಹೋಗಿ ನಿಂತು, ‘ಮಾಮಾ, ನಾ ಹೇಳಿರ್ಲಿಲ್ವಾ, ಅವ್ನೇ!’ ಎಂದು ಕೂಗುತ್ತಿದ್ದ. ಅವನ ಊಹೆ ಎಷ್ಟೋ ಸಲ ತಪ್ಪಿರುತ್ತಿತ್ತು. ಕೂಗಿನ ಖುಷಿಗೆ ಅದು ಅಡ್ಡಿಯಾಗುತ್ತಿರಲಿಲ್ಲ.

ಪ್ರತಿಸಲ ಅದೇ ಕಥೆ ಎಂದು ದೊಡ್ಡವರು ಗೊಣಗುವುದುಂಟು. ಹಾಗೆ ಗೊಣಗುವವರಿಗೆ ನಾನು ಚಂದಮಾಮ ಪತ್ರಿಕೆಯನ್ನು ನೆನಪಿಸುತ್ತೇನೆ. ಪ್ರತಿ ತಿಂಗಳೂ ವಿಕ್ರಮ ಮರದಿಂದ ಶವ ಇಳಿಸಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ, ಪ್ರತಿ ತಿಂಗಳೂ ಬೇತಾಳ ಕಥೆ ಹೇಳಿ ಪ್ರಶ್ನೆ ಕೇಳುತ್ತಿತ್ತು, ರಾಜ ಬಾಯಿ ಬಿಟ್ಟ ಕೂಡಲೇ ಹಾರಿ ಮರ ಸೇರುತ್ತಿತ್ತು. ಮೊದಲೂ ಗೊತ್ತು, ಕೊನೆಯೂ ಗೊತ್ತು. ಆದರೂ ಅಂಚೆಯವನ ದಾರಿ ಕಾಯುತ್ತಿದ್ದೆವಲ್ಲ? ಚೌಕಟ್ಟು ಗೊತ್ತಿರುವುದರಿಂದಲೇ ನಡುವಿನ ಪ್ರಶ್ನೆಯ ಮೇಲೆ ಪೂರ್ತಿ ಗಮನ ಇಡುವುದಕ್ಕೆ ಆಗುತ್ತಿತ್ತು. ಸ್ಕೂಬಿಯ ಮಕ್ಕಳೂ ಹಾಗೆಯೇ. ಏನಾಗುತ್ತದೆ ಎಂಬುದು ಅವರಿಗೆ ಗೊತ್ತು, ಯಾರು ಮತ್ತು ಯಾಕೆ ಎಂಬುದನ್ನು ಮಾತ್ರ ಹುಡುಕುತ್ತಾರೆ.

ಇದನ್ನು ವಿಜ್ಞಾನಿಯೊಬ್ಬರೂ ಗಮನಿಸಿದರು. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ 1995ರಲ್ಲಿ ಮೂಢನಂಬಿಕೆ ಮತ್ತು ಹುಸಿವಿಜ್ಞಾನದ ವಿರುದ್ಧ ‘ದ ಡೀಮನ್-ಹಾಂಟೆಡ್ ವರ್ಲ್ಡ್’ ಎಂಬ ಪುಸ್ತಕ ಬರೆದರು. ಅತಿಮಾನುಷ ಘಟನೆಗಳನ್ನು ನಿಜವೆಂಬಂತೆ ತೋರಿಸುವ ಟೆಲಿವಿಷನ್ ಸರಣಿಗಳ ಅಬ್ಬರದ ಕಾಲ ಅದು. ಪವಾಡವೆಂದು ಹೇಳಿದ್ದನ್ನೆಲ್ಲ ಕ್ರಮವಾಗಿ ತನಿಖೆ ಮಾಡಿ, ಎಲ್ಲಕ್ಕೂ ಸಾಮಾನ್ಯ ಕಾರಣವಿದೆ ಎಂದು ತೋರಿಸುವ ದೊಡ್ಡವರ ಸ್ಕೂಬಿ-ಡೂ ಒಂದು ಇದ್ದರೆ ಅದು ಸಮಾಜಸೇವೆಯಾದೀತು ಎಂಬ ಅರ್ಥದ ಮಾತನ್ನು ಆ ಪುಸ್ತಕದಲ್ಲಿ ಅವರು ಹೇಳಿದ್ದಾರೆ.

ಕನ್ನಡದ ಕಿವಿಗೆ ಈ ಮಾತು ಹೊಸದಲ್ಲ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸಲು ಸಮಿತಿಯನ್ನೇ ರಚಿಸಿದ್ದರು. ಪ್ರಶ್ನೆ ಕೇಳದೆ ಒಪ್ಪಬೇಡಿ ಎಂದು ಆ ಮೇಷ್ಟ್ರು ಜೀವಮಾನವಿಡೀ ಹೇಳಿದರು. ಅವರು ಸ್ಕೂಬಿಯನ್ನು ನೋಡಿದ್ದರು ಎಂದು ನಾನು ಹೇಳುತ್ತಿಲ್ಲ. ನೋಡಿದ್ದರೆ ಆ ಕನ್ನಡಕದ ಹುಡುಗಿ ವೆಲ್ಮಾ ಅವರಿಗೆ ಮೆಚ್ಚುಗೆಯಾಗುತ್ತಿದ್ದಳು ಎಂದು ಮಾತ್ರ ನನಗೆ ಅನ್ನಿಸುತ್ತದೆ.

ನಮ್ಮ ಮನೆಗಳಿಗೆ ಸ್ಕೂಬಿ ಬಂದದ್ದು ಕೇಬಲ್ಲಿನ ಮೂಲಕ. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತದಲ್ಲಿ ಪ್ರಸಾರ ಶುರುಮಾಡಿತು. ಹಾನಾ-ಬಾರ್ಬೆರಾ ಅವರ ಹಳೆಯ ಕಾರ್ಟೂನುಗಳೇ ಅದರ ಕಣಜ. ಇಂಗ್ಲಿಷು ಅರ್ಧಂಬರ್ಧ ತಿಳಿಯುತ್ತಿದ್ದ ನಮ್ಮ ಮಕ್ಕಳು ಅದನ್ನು ಧ್ವನಿಯಿಂದಲೇ ಹಿಡಿದುಕೊಂಡರು. ನಡುಕಕ್ಕೂ ಹಸಿವಿಗೂ ಭಾಷಾಂತರ ಬೇಡ.

ಅದೇ ತೊಂಬತ್ತರ ದಶಕದಲ್ಲಿ ಕರ್ನಾಟಕದ ಬೀದಿ ಬೀದಿಗಳಲ್ಲಿ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ರಾತ್ರಿ ಒಂದು ಹೆಣ್ಣುದೆವ್ವ ಬಂದು ಬಾಗಿಲು ತಟ್ಟುತ್ತದೆ, ಮನೆಯವರದೇ ಧ್ವನಿಯಲ್ಲಿ ಕರೆಯುತ್ತದೆ, ತೆಗೆದರೆ ಸಾವು ಎಂಬ ಸುದ್ದಿ ಹಬ್ಬಿತ್ತು. ಬರಹ ಓದಿಕೊಂಡು ದೆವ್ವ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಓದಿಕೊಂಡು ಹಿಂದಿರುಗುತ್ತದೆ ಎಂಬುದು ಉಪಾಯ. ಸೀಮೆಸುಣ್ಣದಲ್ಲಿ, ಇದ್ದಿಲಿನಲ್ಲಿ, ಕೆಲವು ಕಡೆ ಬಣ್ಣದಲ್ಲಿ ಬರೆದಿದ್ದರು. ಬಾಗಿಲಿನ ಹೊರಗೆ ಆ ಅಕ್ಷರ, ಬಾಗಿಲಿನ ಒಳಗೆ ದೆವ್ವದ ಮುಖವಾಡ ಕೀಳುವ ನಾಯಿ. ಆ ಮನೆಗಳಲ್ಲಿ ಕೂತು ನೋಡಿದ ಮಕ್ಕಳಿಗೆ ಈಗ ಮಕ್ಕಳಾಗಿವೆ. ಎರಡರಲ್ಲಿ ಯಾವುದನ್ನು ಮುಂದಿನವರಿಗೆ ದಾಟಿಸಬೇಕು ಎಂಬುದು ಅವರ ಕೈಯಲ್ಲಿದೆ.

ಈ ಕಾರ್ಟೂನಿನ ಇನ್ನೊಂದು ಗುಣವನ್ನು ನಾನು ಮನಸಾರೆ ಪ್ರೀತಿಸುತ್ತೇನೆ. ಇದರಲ್ಲಿ ಹೆದರುವುದು ಅವಮಾನವಲ್ಲ. ಮಹಾಬಲರ ಕಾರ್ಟೂನುಗಳಲ್ಲಿ ಹೆದರುವವನಿಗೆ ಜಾಗವಿಲ್ಲ. ಇಲ್ಲಿ ಹೆದರುವವರೇ ನಾಯಕರು. ಶ್ಯಾಗಿ, ಸ್ಕೂಬಿ ಇಬ್ಬರೂ ಒಲ್ಲೆ ಎನ್ನುತ್ತಾರೆ, ಹಲ್ಲು ಕಟಕಟಿಸುತ್ತಾರೆ, ಒಬ್ಬರ ತೋಳಿಗೆ ಇನ್ನೊಬ್ಬರು ಹಾರುತ್ತಾರೆ. ಕೊನೆಗೆ ವೆಲ್ಮಾ ಒಂದು ಬಿಸ್ಕತ್ತು ತೋರಿಸುತ್ತಾಳೆ. ಒಂದಕ್ಕೆ ಒಪ್ಪದಿದ್ದರೆ ಎರಡು. ಆಮೇಲೆ ಹೋಗುತ್ತಾರೆ. ಹೋಗಿಯೇ ಹೋಗುತ್ತಾರೆ. ನಡುಗುತ್ತಲೇ ಕತ್ತಲೆಯ ಕೋಣೆಗೆ ಕಾಲಿಡುತ್ತಾರೆ. ಗುಂಪಿನ ಧೈರ್ಯವಂತ ಹುಡುಗ ಫ್ರೆಡ್ ಹಾಕಿದ ಬಲೆ ಎಷ್ಟೋ ಸಲ ಕೆಡುತ್ತದೆ, ಪುಕ್ಕಲರ ಎಡವಟ್ಟಿನಿಂದಲೇ ದೆವ್ವ ಸಿಕ್ಕಿಬೀಳುತ್ತದೆ. ರಾತ್ರಿ ಬಚ್ಚಲಿಗೆ ಒಬ್ಬನೇ ಹೋಗಲು ಹೆದರುವ ಮಗುವಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇಕೆ?

ಆಮೇಲಿನ ಸ್ಕೂಬಿಗಳ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. 1972ರಿಂದ ಪ್ರಸಿದ್ಧ ನಟರು, ಹಾಸ್ಯಗಾರರು, ಬ್ಯಾಟ್‌ಮನ್ ಕೂಡ ಅತಿಥಿಗಳಾಗಿ ಬಂದ ದೊಡ್ಡ ಕಂತುಗಳು ಬಂದವು. ಅವು ಲವಲವಿಕೆಯವು. 1979ರಲ್ಲಿ ಜನಪ್ರಿಯತೆ ಇಳಿದಾಗ ಸ್ಕ್ರ್ಯಾಪಿ ಎಂಬ ಮರಿನಾಯಿಯನ್ನು ತಂದರು. ಅದಕ್ಕೆ ಭಯವೇ ಇಲ್ಲ, ದೆವ್ವದ ಮೇಲೆ ಮುಷ್ಟಿ ಬಿಗಿದು ಹಾರುತ್ತದೆ. ಕಾರ್ಯಕ್ರಮ ಆ ಹೊತ್ತಿಗೆ ಉಳಿಯಿತು, ಅದು ನಿಜ. ಆದರೆ ಹಳೆಯ ಅಭಿಮಾನಿಗಳು ಇವತ್ತಿಗೂ ಸ್ಕ್ರ್ಯಾಪಿಯನ್ನು ಕ್ಷಮಿಸಿಲ್ಲ, ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಹೆದರದವನು ಬಂದ ಮೇಲೆ ಹೆದರುವವರ ಧೈರ್ಯಕ್ಕೆ ಬೆಲೆಯೆಲ್ಲಿ?

1985ರ ಸರಣಿಯಲ್ಲಿ ದೆವ್ವಗಳು ನಿಜವಾದವು. 1998ರಲ್ಲಿ ಬಂದ ‘ಝೋಂಬಿ ಐಲ್ಯಾಂಡ್’ ಎಂಬ ಚಿತ್ರದಲ್ಲಿ ಮುಖವಾಡವೆಂದು ಎಳೆದರೆ ಅದು ಮುಖವೇ ಆಗಿರುತ್ತದೆ. ಆ ಚಿತ್ರದ ಕುಸುರಿ ಬಹಳ ಚೆಂದ, ಅಭಿಮಾನಿಗಳಿಗೆ ಅದು ಅಚ್ಚುಮೆಚ್ಚು. ಆ ದೃಶ್ಯ ಅಷ್ಟು ಗಾಢವಾಗಿ ತಟ್ಟುವುದಕ್ಕೆ ಕಾರಣ ಮೂಲ ಸರಣಿ ಕಟ್ಟಿಕೊಟ್ಟಿದ್ದ ನಂಬಿಕೆ. ಒಮ್ಮೆ ಮುರಿದು ನೋಡಬಹುದು. ದಿನವೂ ಮುರಿದರೆ ಉಳಿಯುವುದು ಮತ್ತೊಂದು ಭೂತದ ಕಥೆ, ಅಂಥವು ಜಗತ್ತಿನಲ್ಲಿ ಬೇಕಾದಷ್ಟಿವೆ. ಅದಕ್ಕೇ ಇರಬೇಕು, 2002ರಲ್ಲಿ ಹೊಸ ಸರಣಿ ಶುರುಮಾಡಿದಾಗ ಮತ್ತೆ ಹಳೆಯ ದಾರಿಗೇ ಬಂದರು. ಫೋನು ಬಂತು, ಕಂಪ್ಯೂಟರು ಬಂತು, ಮುಖವಾಡ ಮಾತ್ರ ಅದೇ.

ಕಥೆ ಕಟ್ಟಿದ ಜೋ ರೂಬಿ ಮತ್ತು ಕೆನ್ ಸ್ಪಿಯರ್ಸ್ ಇಬ್ಬರೂ 2020ರಲ್ಲಿ, ಕೆಲವೇ ತಿಂಗಳುಗಳ ಅಂತರದಲ್ಲಿ ತೀರಿಕೊಂಡರು. ತಕಮೊಟೊ 2007ರಲ್ಲಿ, ಕೇಸಮ್ 2014ರಲ್ಲಿ ಹೋದರು. ಡಾನ್ ಮೆಸಿಕ್ 1997ರಲ್ಲೇ ಹೋಗಿದ್ದರು. 1969ರಲ್ಲಿ ಫ್ರೆಡ್‌ಗೆ ಧ್ವನಿ ಕೊಟ್ಟ ಫ್ರ್ಯಾಂಕ್ ವೆಲ್ಕರ್ ದಶಕಗಳ ಕಾಲ ಆ ಪಾತ್ರವನ್ನು ಆಡುತ್ತಲೇ ಬಂದರು, 2002ರಿಂದ ಸ್ಕೂಬಿಯ ಧ್ವನಿಯೂ ಅವರದೇ.

ನಿಮ್ಮ ಮನೆಯಲ್ಲಿ ಮಕ್ಕಳಿದ್ದರೆ ಹೊಸದರಿಂದ ಶುರುಮಾಡಬೇಡಿ. 1969ರಲ್ಲಿ ಶುರುವಾದ ಮೂಲ ಸರಣಿಯ ಕಂತುಗಳನ್ನೇ ಹುಡುಕಿ ಹಾಕಿ. ಆ ಗಣಿಗಾರನ ಕಂತು ಇರಲಿ, ವಕೀಲರ ಕಂತು ಇರಲಿ. ಮಗುವೊಂದನ್ನೇ ಬಿಟ್ಟು ಎದ್ದುಹೋಗಬೇಡಿ, ಪಕ್ಕದಲ್ಲಿ ಕೂರಿ. ಹೆದರಿ ಕೈ ಹಿಡಿದರೆ ಹಿಡಿಯಲಿ, ಅದೇನೂ ನಿಜವಲ್ಲ ಎಂದು ಮೊದಲೇ ಹೇಳಿಬಿಡಬೇಡಿ. ಈ ಜಾಗದಿಂದ ಎಲ್ಲರೂ ಓಡಿಹೋದರೆ ಲಾಭ ಯಾರಿಗೆ ಅಂತ ಮಾತ್ರ ನಡುವೆ ಒಮ್ಮೆ ಕೇಳಿ. ಉತ್ತರವನ್ನು ಮಗುವೇ ಹೇಳಲಿ.